ಎರಡು ಗಂಟೆಗೊಮ್ಮೆ

ನಮ್ಮ ಅತ್ತೆ ತೀರಿಕೊಂಡ ದಿನ ಅವರಿಗೆ ಕೊನೆಯ ಸ್ನಾನ ಮಾಡಿಸಲು ಮನೆತನದ ಹಿರಿಯ ಹೆಂಗಸರು ಸೇರಿದ್ದರು. ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದ ಜೀವ. ಮೈಯನ್ನು ಪಕ್ಕಕ್ಕೆ ತಿರುಗಿಸಿದಾಗ ನಮ್ಮ ಯಜಮಾನರ ಸೋದರತ್ತೆ ನೀರು ಹುಯ್ಯುವುದನ್ನೇ ನಿಲ್ಲಿಸಿದರು. "ನೋಡ್ರೇ, ಬೆನ್ನ ಮೇಲೆ ಒಂದು ಹುಣ್ಣಿಲ್ಲ. ಎಳೆಮಗುವಿನ ಬೆನ್ನಿನ ಹಾಗಿದೆ. ಸೊಸೆ ಅಂದ್ರೆ ಹೀಗಿರಬೇಕು" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ತಲೆ ತಗ್ಗಿಸಿದೆ.

ಆ ಹೊಗಳಿಕೆ ನನ್ನದಾಗಿರಲಿಲ್ಲ. ಅದು ಯಾರಿಗೆ ಸಲ್ಲಬೇಕಾಗಿತ್ತೋ ಅವರಲ್ಲಿ ಒಬ್ಬರು ಆ ಹೊತ್ತಿನಲ್ಲಿ ಹಿತ್ತಿಲ ಬಾಗಿಲಲ್ಲಿ ನಿಂತು ಹಂಡೆಯಿಂದ ಬಿಸಿನೀರು ತೋಡಿ ಕೊಡುತ್ತಿದ್ದರು. ಇನ್ನೊಬ್ಬರು ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರವಾಗಿ ಬಂದು ಜಗಲಿಯ ಮೂಲೆಯಲ್ಲಿ ಕುಳಿತಿದ್ದರು. "ಇದು ಇವರ ಕೈಗುಣ" ಎಂದು ಒಂದು ಮಾತು ಹೇಳಬಹುದಿತ್ತು. ನಾನು ಹೇಳಲಿಲ್ಲ. ದುಃಖದಲ್ಲಿ ಮಾತು ಹೊರಡಲಿಲ್ಲ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಆದರೆ ಮಾತು ಹೊರಡದಷ್ಟು ದುಃಖವೇನೂ ಆಗಿರಲಿಲ್ಲ. ನಂಟರ ಮುಂದೆ ಸಿಕ್ಕ ಹೊಗಳಿಕೆಯನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಇದು ಮೂವತ್ತು ವರ್ಷದ ಹಿಂದಿನ ಮಾತು. ಆ ಸಾಲವನ್ನು ಈಗ ತೀರಿಸಲು ಕುಳಿತಿದ್ದೇನೆ.

ಅವರಿಬ್ಬರೂ ನರ್ಸುಗಳು. ಹಿರಿಯವರನ್ನು ಬೀದಿಯವರೆಲ್ಲ 'ಸಿಸ್ಟರ್' ಎನ್ನುತ್ತಿದ್ದರು. ನನಗೆ ಬರೀ ಸಿಸ್ಟರ್ ಎನ್ನುವುದು ಸಪ್ಪೆಯೆನಿಸಿ 'ಸಿಸ್ಟರಕ್ಕ' ಎಂದು ಕರೆಯತೊಡಗಿದೆ. "ಅಕ್ಕನಿಗೊಬ್ಬಳು ಅಕ್ಕನೇ?" ಎಂದು ಅವರೇ ನಗುತ್ತಿದ್ದರು. ಕಿರಿಯಾಕೆ ಕೇರಳದವಳು, ಅದೇ ಆಸ್ಪತ್ರೆಯಲ್ಲಿ ಕೆಲಸ, ಸಿಸ್ಟರಕ್ಕನ ಮನೆಯಲ್ಲೇ ವಾಸ. ಅವಳು ಚಿಕ್ಕ ಸಿಸ್ಟರ್.

ಸಿಸ್ಟರಕ್ಕನನ್ನು ನಾನು ಮೊದಲು ನೋಡಿದ್ದು ನಮ್ಮ ಮನೆಯ ಬಾಗಿಲಲ್ಲೇ. ಅತ್ತೆ ಗಟ್ಟಿಮುಟ್ಟಾಗಿದ್ದ ಕಾಲ. ಮುಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವುದೆಂದು ಬೋರ್ಡು ಹಾಕಿದ್ದೆವು. ಒಂದು ಮಧ್ಯಾಹ್ನ ಬಿಳಿ ಸೀರೆಯುಟ್ಟ ಹೆಂಗಸೊಬ್ಬರು ಬಂದು ವಿಚಾರಿಸಿದರು. ಅತ್ತೆ ಕೂರಿಸಿ ಮಾತನಾಡಿಸಿದರು. ಕೆಲಸ ಏನೆಂದು ತಿಳಿದ ಮೇಲೆ, "ನೋಡಮ್ಮ, ಇದು ಸಂಸಾರಸ್ಥರ ಮನೆ. ಹೊತ್ತಲ್ಲದ ಹೊತ್ತಿನಲ್ಲಿ ಹೋಗಿಬರೋರಿಗೆ ಸರಿಹೋಗಲ್ಲ" ಎಂದುಬಿಟ್ಟರು. ನಾನು ನಡುಮನೆಯ ಬಾಗಿಲ ಹಿಂದೆ ನಿಂತಿದ್ದೆ. ಹಿಂದಿನ ವಾರವಷ್ಟೇ ಮಹಿಳಾ ಸಮಾಜದಲ್ಲಿ ಹೆಣ್ಣಿನ ದುಡಿಮೆಗೆ ಗೌರವ ಸಿಗಬೇಕೆಂದು ಭಾಷಣ ಮಾಡಿ ಚಪ್ಪಾಳೆ ತೆಗೆದುಕೊಂಡವಳು ನಾನು. ಆ ಮಧ್ಯಾಹ್ನ ಬಾಯಿ ಬಿಡಲಿಲ್ಲ. ಅವರು ಹಿಂದಿನ ಬೀದಿಯಲ್ಲಿ ಮನೆ ಹಿಡಿದರು.

ಸ್ನೇಹ ಬೆಳೆದದ್ದು ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ. ತ್ರಿವೇಣಿಯವರ, ಎಂ.ಕೆ. ಇಂದಿರಾ ಅವರ ಕಾದಂಬರಿಗಳಿಗೆ ನಾವಿಬ್ಬರೂ ಪಾಳಿ ಕಾಯುವವರು. ಒಂದೇ ಪುಸ್ತಕಕ್ಕೆ ಇಬ್ಬರೂ ಕೈ ಹಾಕಿ, ಯಾರು ಮೊದಲು ಓದುವುದೆಂದು ನಕ್ಕು ಶುರುವಾದ ಮಾತು ವರ್ಷಗಟ್ಟಲೆ ನಡೆಯಿತು. ಬಾಡಿಗೆ ಮನೆಯ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಹನ್ನೆರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, "ಇನ್ನು ಮನೆಯಲ್ಲೇ ನೋಡಿಕೊಳ್ಳಿ" ಎಂದು ಕಳಿಸಿದರು. ನೋಡಿಕೊಳ್ಳುವುದು ಎಂದರೇನು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಮಂಚದ ಮೇಲೆ ಮೆತ್ತನೆಯ ಹಾಸಿಗೆ ಹಾಕಿ ಮಲಗಿಸಿದೆವು. ನೋವಾದೀತೆಂದು ಅಲುಗಿಸಲಿಲ್ಲ. ನಿದ್ದೆ ಬಂದಿದೆಯಲ್ಲ, ಎಬ್ಬಿಸುವುದು ಬೇಡ ಎಂದು ಹಾಗೆಯೇ ಬಿಟ್ಟೆವು. ಅದನ್ನೇ ಪ್ರೀತಿ ಎಂದುಕೊಂಡಿದ್ದೆವು.

ಮೂರನೆಯ ದಿನ ಸಂಜೆ ಸಿಸ್ಟರಕ್ಕ ಡ್ಯೂಟಿ ಮುಗಿಸಿ ಹಾಗೇ ನೋಡಿಹೋಗಲು ಬಂದರು. ಹೇಗಿದ್ದಾರೆ ಎಂದು ಕೇಳಿ, ಕೈ ತೊಳೆದುಕೊಂಡು ಬಂದು, ಅತ್ತೆಯನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿದರು. ಬೆನ್ನ ಬುಡದ ಮೂಳೆಯ ಮೇಲೆ ರೂಪಾಯಿಯಗಲ ಕೆಂಪು. ಬೆರಳಿನಿಂದ ಒತ್ತಿ ಬಿಟ್ಟು ನೋಡಿದರು. ಕೆಂಪು ಮಾಸಲಿಲ್ಲ. "ಇನ್ನೆರಡು ದಿನ ಹೀಗೇ ಇದ್ದಿದ್ದರೆ ತೊಗಲು ಕಿತ್ತು ಬರ್ತಿತ್ತು" ಎಂದರು. ಆಮೇಲೆ ಪಾಠ ಹೇಳುವ ಹಾಗೆ ವಿವರಿಸಿದರು. ನಾವು ನಿದ್ದೆಯಲ್ಲೂ ಗೊತ್ತಿಲ್ಲದೆ ಹೊರಳಾಡುತ್ತೇವೆ. ಹೊರಳಲಾರದವರ ಮೈಭಾರವೆಲ್ಲ ಒಂದೇ ಮೂಳೆಯ ಮೇಲೆ ಬಿದ್ದು, ಮೂಳೆಗೂ ಹಾಸಿಗೆಗೂ ನಡುವಿನ ಮಾಂಸಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಹುಣ್ಣು ಹೊರಗೆ ಕಾಣುವ ವೇಳೆಗೆ ಒಳಗೆ ಕೆಟ್ಟಿರುತ್ತದೆ. ಇದಕ್ಕೆ ಔಷಧ ಹುಡುಕುವುದಕ್ಕಿಂತ ಬಾರದ ಹಾಗೆ ನೋಡಿಕೊಳ್ಳುವುದೇ ಮೇಲು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.

"ಹಗಲೆಲ್ಲವಾ?" ಎಂದೆ.

"ಹಗಲೂ ರಾತ್ರಿಯೂ. ಮೂಳೆಗೆ ಹಗಲು ರಾತ್ರಿ ಗೊತ್ತಾಗಲ್ಲ" ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಕಾಲಮಾನ ಶುರುವಾಯಿತು. ನನ್ನ ಮಗನ ಹಳೆಯ ಲೆಕ್ಕದ ಪುಸ್ತಕದಲ್ಲಿ ಮಿಕ್ಕ ಹಾಳೆಗಳಿಗೆ ಸಿಸ್ಟರಕ್ಕ ಗೆರೆ ಹಾಕಿಕೊಟ್ಟರು. 6 ಗಂಟೆ ಎಡಕ್ಕೆ, 8 ಗಂಟೆ ಬೆನ್ನಿಗೆ, 10 ಗಂಟೆ ಬಲಕ್ಕೆ. ಹಳೆಯ ಹತ್ತಿಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಕೆಳಗೆ ಹಾಸಿ, ಆಚೆಗೊಬ್ಬರು ಈಚೆಗೊಬ್ಬರು ಹಿಡಿದೆತ್ತುವುದು ಕಲಿಸಿದರು. ಎಳೆದರೆ ತೊಗಲು ಉಜ್ಜುತ್ತದೆ, ಎತ್ತಬೇಕು. ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ. ಹಾಸಿಗೆ ಬಟ್ಟೆಯಲ್ಲಿ ಒಂದು ಸುಕ್ಕು, ಒಂದು ಅನ್ನದಗುಳೂ ಇರಬಾರದು. ಒದ್ದೆಯಾದರೆ ಆ ಕೂಡಲೇ ಬದಲಿಸಬೇಕು. ಮಲಗಿಸಿಕೊಂಡು ಕಾಫಿ ಕುಡಿಸುತ್ತಿದ್ದ ನನ್ನ ಕೈ ತಡೆದು, ಬೆನ್ನಿಗೆ ದಿಂಬು ಕೊಟ್ಟು ಎತ್ತರಿಸಿ ಕೂರಿಸಿ, ಗಟ್ಟಿ ಗಂಜಿಯನ್ನು ಚಿಕ್ಕ ಚಮಚದಲ್ಲಿ ಸ್ವಾಧೀನವಿರುವ ಕಡೆಯ ದವಡೆಗೆ ಕೊಡುವುದನ್ನು ತೋರಿಸಿದರು. ನೀರಿನಂಥದ್ದು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿದುಬಿಡುತ್ತದಂತೆ. ನನ್ನ ಕಾಫಿಯೇ ಅತ್ತೆಗೆ ಮೃತ್ಯುವಾಗಬಹುದಿತ್ತು ಎಂದು ತಿಳಿದಾಗ ಕೈ ನಡುಗಿತು.

ಸಿಸ್ಟರಕ್ಕ ಬೆಳಿಗ್ಗೆ ಪಾಳಿಗೆ ಹೋಗುವ ಮೊದಲು, ಇಲ್ಲವೇ ಬಂದ ಮೇಲೆ ದಿನಕ್ಕೊಮ್ಮೆ ಬಂದೇ ಬರುತ್ತಿದ್ದರು. ಚಿಕ್ಕ ಸಿಸ್ಟರ್ ರಜೆಯಿದ್ದ ರಾತ್ರಿಗಳಲ್ಲಿ ಬಂದು, "ಚೇಚಿ, ನೀವು ಮಲಗಿ" ಎಂದು ನನ್ನನ್ನು ದಬ್ಬಿ ಕಳಿಸುತ್ತಿದ್ದಳು. ಒಮ್ಮೆ ಹಣದ ಮಾತೆತ್ತಿದೆ. "ಡ್ಯೂಟಿಗೆ ಆಸ್ಪತ್ರೆಯವರು ಸಂಬಳ ಕೊಡ್ತಾರೆ. ಇಲ್ಲಿಗೆ ನಾನು ಕಾಫಿ ಕುಡಿಯೋಕೆ ಬರೋದು" ಎಂದರು ಸಿಸ್ಟರಕ್ಕ. ಮತ್ತೆ ಆ ಮಾತೆತ್ತುವ ಧೈರ್ಯ ನನಗಾಗಲಿಲ್ಲ.

ಆ ದಿನಗಳಲ್ಲಿ ನಾನು ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಓದತೊಡಗಿದೆ. ಶಾಲೆಯ ಪಾಠದಲ್ಲಿ ನಾವೆಲ್ಲ ಕಂಡದ್ದು ದೀಪ ಹಿಡಿದ ಮಹಿಳೆಯನ್ನು. 1854ರ ನವೆಂಬರಿನಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿ ಆಸ್ಪತ್ರೆಗೆ 38 ಮಂದಿ ಹೆಂಗಸರನ್ನು ಕಟ್ಟಿಕೊಂಡು ಹೋದಾಕೆ ಅಲ್ಲಿ ಕಂಡದ್ದು ಬೇರೆಯೇ. ಸೈನಿಕರು ಗುಂಡೇಟಿಗಿಂತ ಹೆಚ್ಚಾಗಿ ಕೊಳೆಯಿಂದ, ಭೇದಿಯಿಂದ, ಜ್ವರದಿಂದ ಸಾಯುತ್ತಿದ್ದರು. ಆಕೆ ಹಿಡಿದದ್ದು ದೀಪಕ್ಕಿಂತ ಹೆಚ್ಚಾಗಿ ಲೆಕ್ಕದ ಪುಸ್ತಕವನ್ನು. ಯಾರು ಯಾವುದರಿಂದ ಸತ್ತರೆಂದು ಬರೆದಿಟ್ಟು, ಚಿತ್ರ ಬರೆದು ಸರ್ಕಾರದ ಮುಂದಿಟ್ಟಳು. ಭಾರತಕ್ಕೆ ಒಮ್ಮೆಯೂ ಬಾರದಿದ್ದರೂ ಇಲ್ಲಿನ ಸೈನ್ಯದ ಠಾಣೆಗಳ ನೀರು, ಚರಂಡಿ, ಸಾವಿನ ಲೆಕ್ಕ ತರಿಸಿಕೊಂಡು ವರ್ಷಗಟ್ಟಲೆ ಹೋರಾಡಿದಳು.

1859ರಲ್ಲಿ ಆಕೆ ಶುಶ್ರೂಷೆಯನ್ನು ಕುರಿತು ಒಂದು ಸಣ್ಣ ಪುಸ್ತಕ ಬರೆದಳು. ನರ್ಸುಗಳಿಗಲ್ಲ, ಮನೆಯಲ್ಲಿ ಯಾರದಾದರೂ ಆರೋಗ್ಯದ ಹೊಣೆ ಹೊತ್ತ ಹೆಂಗಸರಿಗಾಗಿ ಎಂದು ಆಕೆಯೇ ಹೇಳಿಕೊಂಡಿದ್ದಾಳೆ. ಎಂದರೆ ನಿಮಗೆ, ನನಗೆ. ಅದರ ಮೊದಲ ಪುಟಗಳಲ್ಲೇ ಒಂದು ಮಾತು ಬರುತ್ತದೆ: ರೋಗಿಗೆ ಹಾಸಿಗೆ ಹುಣ್ಣಾದರೆ ಅದು ಸಾಮಾನ್ಯವಾಗಿ ರೋಗದ ತಪ್ಪಲ್ಲ, ನೋಡಿಕೊಂಡವರ ತಪ್ಪು. ಅದನ್ನು ಓದಿದಾಗ ಆ ರೂಪಾಯಿಯಗಲದ ಕೆಂಪು ಕಣ್ಣಮುಂದೆ ಬಂತು. ಮರುವರ್ಷ, 1860ರಲ್ಲಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ತರಬೇತಿ ಶಾಲೆ ತೆರೆಯಿತು. ಅದಕ್ಕೂ ಮುಂಚೆ ಇಂಗ್ಲೆಂಡಿನ ಮರ್ಯಾದಸ್ಥರ ಮನೆಗಳವರೂ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳಿಸುತ್ತಿರಲಿಲ್ಲ. ಫ್ಲಾರೆನ್ಸಳ ತಾಯಿ, ಅಕ್ಕ ಇಬ್ಬರೂ ಆಕೆಯನ್ನು ತಡೆದವರೇ. ನಮ್ಮ ಅತ್ತೆಯ ಮಾತು ನಮ್ಮ ಊರಿನದು ಮಾತ್ರವಲ್ಲ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ನಮ್ಮಲ್ಲಿ ತಡೆ ಇನ್ನೂ ದೊಡ್ಡದು. ಮನೆಯಲ್ಲಿ ಕಾಯಿಲೆ ಬಿದ್ದವರ ಸೇವೆ ಹೆಂಗಸರ ಪಾಲಿಗೆ ಪುಣ್ಯದ ಕೆಲಸ. ಅದೇ ಕೆಲಸವನ್ನು ಪರರ ಮನೆಯವರಿಗೆ, ಬೇರೆ ಜಾತಿಯವರಿಗೆ, ಸಂಬಳಕ್ಕಾಗಿ ಮಾಡಿದರೆ ಮೈಲಿಗೆ. ಮಲಮೂತ್ರ ಮುಟ್ಟುವುದು, ಗಂಡಸರ ಮೈ ಮುಟ್ಟುವುದು, ರಾತ್ರಿ ಹೊರಗಿರುವುದು, ಮೂರೂ ಕೂಡಿ ದಾದಿಯೆಂದರೆ ದೂರ ಇಡುವಂಥವಳಾದಳು. ಮುಟ್ಟಲು ಹೆದರದವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಸಾವಿತ್ರಿಬಾಯಿ ಫುಲೆ ಮಗ ಯಶವಂತನ ಚಿಕಿತ್ಸಾಲಯದಲ್ಲಿ ರೋಗಿಗಳ ಸೇವೆಗೆ ನಿಂತರು. ಕಾಯಿಲೆ ಬಿದ್ದ ಹುಡುಗನೊಬ್ಬನನ್ನು ತಾವೇ ಹೊತ್ತು ತಂದು, ಅದೇ ರೋಗ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ನಮ್ಮ ತುಮಕೂರು ಜಿಲ್ಲೆ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮ ಯಾವ ಶಾಲೆಗೂ ಹೋಗದೆ ಸಾವಿರಾರು ಹೆರಿಗೆ ಮಾಡಿಸಿದರು. ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ಅದೇ ವರ್ಷ ಕೊನೆಯಲ್ಲಿ ಅವರು ಹೋಗಿಬಿಟ್ಟರು.

ಕಲಿತ ದಾದಿಯರು ಬಂದದ್ದು ನಿಧಾನವಾಗಿ. ಗೋಷಾದ ಹೆಂಗಸರಿಗೆ ಹೆಂಗಸರೇ ವೈದ್ಯ ಮಾಡಬೇಕೆಂದು 1885ರಲ್ಲಿ ಡಫರಿನ್ ನಿಧಿ ಹುಟ್ಟಿತು. ಬೆಂಗಳೂರಿನಲ್ಲಿ 1886ರಲ್ಲಿ ಕ್ರೈಸ್ತ ಸನ್ಯಾಸಿನಿಯರು ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಜನ ಇಂದಿಗೂ 'ಮಿಷನ್ ಆಸ್ಪತ್ರೆ' ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಶುರುವಾದದ್ದು 1906ರಲ್ಲಿ. ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯ ದವಾಖಾನೆಯಿಂದ ಆರಂಭಿಸಿ, 1909ರಲ್ಲೇ ದಾದಿಯರ ಶಾಲೆ ತೆರೆದರು. ಅಲ್ಲಿ ಹೆಣ್ಣುಮಕ್ಕಳ ವೈದ್ಯಶಾಲೆ ಬಂದದ್ದು 1918ರಲ್ಲಿ. ದಾದಿಯರಿಲ್ಲದೆ ವೈದ್ಯ ನಡೆಯದೆಂದು ಆಕೆಗೆ ಗೊತ್ತಿತ್ತು. ದಾದಿಯರದೇ ಸಂಘ ಅಖಿಲ ಭಾರತ ಮಟ್ಟದಲ್ಲಿ ಹುಟ್ಟಿದ್ದು 1908ರಲ್ಲಿ.

ಆದರೂ ಕೊರತೆ ಎಷ್ಟಿತ್ತೆಂದರೆ, 1946ರಲ್ಲಿ ಭೋರ್ ಸಮಿತಿ ಲೆಕ್ಕ ಹಾಕಿದಾಗ ದೇಶದಲ್ಲಿದ್ದ ನರ್ಸುಗಳು ಸುಮಾರು 7,000. ಎಂದರೆ 43,000 ಜನಕ್ಕೆ ಒಬ್ಬಳು. ಅದೇ ಹೊತ್ತಿಗೆ 6,300 ಜನಕ್ಕೊಬ್ಬ ಡಾಕ್ಟರು ಇದ್ದರು. ಔಷಧ ಬರೆದುಕೊಡುವವರು ಏಳು ಮಂದಿ, ಅದನ್ನು ಕುಡಿಸಿ ಮಗ್ಗುಲು ತಿರುಗಿಸುವವಳು ಒಬ್ಬಳು! ಅದೇ 1946ರಲ್ಲಿ ವೆಲ್ಲೂರು, ದೆಹಲಿಗಳಲ್ಲಿ ನರ್ಸಿಂಗ್ ಪದವಿ ಕಾಲೇಜುಗಳು ಬಂದವು, 1947ರಲ್ಲಿ ನರ್ಸಿಂಗ್ ಕೌನ್ಸಿಲ್ ಕಾಯಿದೆ ಬಂತು. ಕಾಯಿದೆ ಬಂದು ನಲವತ್ತು ವರ್ಷವಾಗುತ್ತ ಬಂದರೂ ನಮ್ಮ ಮನೆಯ ಮುಂಭಾಗದ ಎರಡು ಕೋಣೆ ಮಾತ್ರ ಅವರಿಗೆ ಸಿಗಲಿಲ್ಲ.

'ಶುಶ್ರೂಷೆ' ಎಂಬ ಮಾತಿನ ಅರ್ಥವೂ ಆಗಲೇ ನನಗೆ ತಿಳಿದದ್ದು. ಸಂಸ್ಕೃತದಲ್ಲಿ ಅದಕ್ಕೆ 'ಕೇಳುವ ಬಯಕೆ' ಎಂದು ಮೂಲಾರ್ಥವಂತೆ. ಕೇಳಿಸಿಕೊಳ್ಳುವವಳೇ ಸೇವೆ ಮಾಡಬಲ್ಲಳು. ಇದನ್ನು ನನಗೆ ಕಣ್ಣಾರೆ ತೋರಿಸಿಕೊಟ್ಟವಳು ಚಿಕ್ಕ ಸಿಸ್ಟರ್. ಪ್ರತಿ ಸಂಜೆ ಅತ್ತೆ ಎಡಗೈಯಿಂದ ಮಂಚ ಬಡಿದು ಗಲಾಟೆ ಮಾಡುತ್ತಿದ್ದರು. ನೋವೋ, ಹಸಿವೋ, ಸಿಟ್ಟೋ ನಮಗೆ ತಿಳಿಯದು. ಚಿಕ್ಕ ಸಿಸ್ಟರ್ ಎರಡು ಸಂಜೆ ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡಿದಳು. ಮೂರನೆಯ ದಿನ ನಮ್ಮ ಲೆಕ್ಕದ ಪುಸ್ತಕ ತೆಗೆದು 6 ಗಂಟೆಯ ಸಾಲನ್ನು ತಿದ್ದಿದಳು. "ದೇವರ ದೀಪ ಹಚ್ಚೋ ಹೊತ್ತಲ್ಲಿ ಅಮ್ಮನ ಮುಖ ನೀವು ಗೋಡೆಗೆ ತಿರುಗಿಸ್ತೀರಿ" ಎಂದಳು. ಅಂದು ಸಂಜೆ ದೇವರ ಕೋಣೆಯ ಕಡೆಗೆ ಮಗ್ಗುಲು ಮಾಡಿ ಮಲಗಿಸಿದೆವು. ಕೈ ಮಂಚ ಬಡಿಯಲಿಲ್ಲ. ಎದೆಯ ಮೇಲೆ ಬಂದು ನಿಂತಿತು. ಐವತ್ತು ವರ್ಷ ಆ ದೀಪ ಹಚ್ಚಿದ ಕೈ. ಎಂಟು ತಿಂಗಳು ಜೊತೆಯಲ್ಲಿದ್ದೂ ನನಗೆ ಅದು ಹೊಳೆದಿರಲಿಲ್ಲ.

ಒಂದು ರಾತ್ರಿ 2 ಗಂಟೆಯ ಸರದಿ ಮುಗಿಸಿ ನಾನೂ ಸಿಸ್ಟರಕ್ಕನೂ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆವು. ತಡೆಯಲಾರದೆ ಕೇಳಿಬಿಟ್ಟೆ: "ಸಿಸ್ಟರಕ್ಕ, ಬಾಡಿಗೆ ಕೇಳೋಕೆ ಬಂದಿದ್ದು ನೆನಪಿದೆಯಾ?"

"ನೆನಪಿಲ್ಲದೆ ಏನು?" ಎಂದರು. "ಆ ವಾರ ಏಳು ಮನೆ ತಿರುಗಿದ್ದೆ. ಎಲ್ಲರೂ ಇಲ್ಲ ಅಂದರು. ನಿಮ್ಮ ಅತ್ತೆಯೂ ಇಲ್ಲ ಅಂದರು. ಆದರೆ ಬಿಸಿಲಲ್ಲಿ ಬಂದಿದ್ದೀಯಮ್ಮ ಅಂತ ಒಂದು ಲೋಟ ಮಜ್ಜಿಗೆ ಕೊಟ್ಟರು. ಏಳು ಮನೆಯಲ್ಲಿ ಮಜ್ಜಿಗೆ ಕೊಟ್ಟವರು ಅವರೊಬ್ಬರೇ."

ನನಗೆ ಆ ಮಜ್ಜಿಗೆ ನೆನಪಿರಲಿಲ್ಲ. ಅವರ ನೆನಪಿನಲ್ಲಿ ಉಳಿದದ್ದು ಅದು. "ನಾನು ಬಾಗಿಲ ಹಿಂದೆ ನಿಂತಿದ್ದೆ" ಎಂದೆ. "ಗೊತ್ತು, ಸೆರಗು ಕಾಣ್ತಿತ್ತು" ಎಂದು ಲೋಟ ತೊಳೆಯಲು ಎದ್ದರು.

ಅತ್ತೆ ಹೋಗಿ ಬಹಳ ವರ್ಷಗಳಾದ ಮೇಲೆ ಅರುಣಾ ಶಾನುಭಾಗಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಬಂದಾಗ ನಾನು ಬೇರೆಯೇ ಕಣ್ಣಿನಿಂದ ಓದಿದೆ. ನಮ್ಮ ಉತ್ತರ ಕನ್ನಡದ ಹೊನ್ನಾವರದ ಹತ್ತಿರ ಹಳದೀಪುರದ ಹುಡುಗಿ. 1948ರಲ್ಲಿ ಹುಟ್ಟಿದವಳು. ನರ್ಸಿಂಗ್ ಕಲಿತು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು, ಮದುವೆ ನಿಶ್ಚಯವಾಗಿತ್ತು. 1973ರ ನವೆಂಬರ್ 27ರಂದು ಆಸ್ಪತ್ರೆಯ ಕೆಲಸಗಾರನೊಬ್ಬ ಆಕೆಯ ಕುತ್ತಿಗೆಗೆ ನಾಯಿಯ ಸರಪಣಿ ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ರಕ್ತ ನಿಂತು, ಇಪ್ಪತ್ತೈದರ ಹುಡುಗಿ ಮತ್ತೆ ಏಳಲಿಲ್ಲ. ಅವನಿಗೆ ಏಳು ವರ್ಷದ ಶಿಕ್ಷೆಯಾಯಿತು. ಆಕೆ ನಲವತ್ತೊಂದೂವರೆ ವರ್ಷ ಹಾಸಿಗೆಯ ಮೇಲಿದ್ದಳು.

ನೋಡಿಕೊಂಡವರು ಆಕೆಯ ಜೊತೆಯ ದಾದಿಯರು. ಅವರು ನಿವೃತ್ತರಾದ ಮೇಲೆ ಅವರ ಕಿರಿಯರು, ಆಮೇಲೆ ಅವರ ಕಿರಿಯರು. ಅರುಣಾ ನಡೆದದ್ದನ್ನು, ನಕ್ಕದ್ದನ್ನು ಕಾಣದವರು, ಆಗ ಹುಟ್ಟಿಯೇ ಇರದವರು ಆಕೆಗೆ ಉಣಿಸಿದರು, ಮೈ ತೊಳೆದರು. ಬೇರೆಡೆಗೆ ಸಾಗಿಸುವ ಮಾತು ಬಂದಾಗ ಪ್ರತಿಭಟಿಸಿ ತಡೆದರು. ಲೇಖಕಿ ಪಿಂಕಿ ವಿರಾನಿ ಆಕೆಗೆ ಬಿಡುಗಡೆ ಬೇಕೆಂದು ನ್ಯಾಯಾಲಯಕ್ಕೆ ಹೋದರು, ಅದರಲ್ಲಿಯೂ ಕರುಣೆಯಿತ್ತು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ಆ ಮನವಿಯನ್ನು ಒಪ್ಪಲಿಲ್ಲ. ಅರುಣಾಳ ಪರವಾಗಿ ಮಾತನಾಡುವ ಹಕ್ಕಿರುವ ಆಪ್ತಮಿತ್ರರು ಆಕೆಯನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಎಂದಿತು. ಅಷ್ಟು ವರ್ಷಗಳಲ್ಲಿ ಆಕೆಯ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣೂ ಆಗಿಲ್ಲವೆಂಬುದನ್ನು ತೀರ್ಪಿನಲ್ಲಿ ದಾಖಲಿಸಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಆಕೆ ತೀರಿಕೊಂಡಳು.

ಆ ಒಂದು ಸಾಲನ್ನು ಓದಿ ನಾನು ಪತ್ರಿಕೆ ಮಡಚಿಟ್ಟೆ. ಎರಡು ಗಂಟೆಗೊಮ್ಮೆ ಎಂದು ಹಿಡಿದರೆ, ನಮ್ಮ ಮನೆಯ ಹದಿನಾಲ್ಕು ತಿಂಗಳಿಗೆ ಸುಮಾರು ಐದು ಸಾವಿರ ಸಲವಾಗುತ್ತದೆ. ಅಷ್ಟಕ್ಕೇ ನಮ್ಮ ಸೊಂಟ ಬಿದ್ದುಹೋಗಿತ್ತು. ಅರುಣಾಳ ಲೆಕ್ಕ ಒಂದು ಲಕ್ಷ ಎಂಬತ್ತು ಸಾವಿರ ದಾಟುತ್ತದೆ. ಯುದ್ಧ ಗೆದ್ದವರಿಗೆ ಕಂಬ ನೆಡುತ್ತಾರೆ. ಆಗದೆ ಹೋದ ಹುಣ್ಣಿಗೆ ಏನು ನೆಡುವುದು? ಅದು ಕಾಣುವುದು ಕೊನೆಯ ಸ್ನಾನ ಮಾಡಿಸುವವರಿಗೆ ಮಾತ್ರ. ಅವರೂ ಹೊಗಳಿಕೆಯನ್ನು ಬೇರೆ ಯಾರಿಗೋ ಕೊಟ್ಟುಬಿಡುತ್ತಾರೆ.

ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ 'ಶುಶ್ರೂಷಾಧಿಕಾರಿ' ಎಂಬ ಹೆಸರು ಬಂದಿದೆ. ಒಳ್ಳೆಯದೇ. ಸಿಸ್ಟರಕ್ಕ ಆ ಹೆಸರು ಬರುವ ಮೊದಲೇ ನಿವೃತ್ತರಾದರು. ಚಿಕ್ಕ ಸಿಸ್ಟರ್ ಮದುವೆಯಾಗಿ ಊರಿಗೆ ಹೋದಳು, ಓಣಂಗೆ ತಪ್ಪದೆ ಫೋನು ಮಾಡುತ್ತಾಳೆ. ನನ್ನನ್ನು ಹೊಗಳಿದ ಆ ಸೋದರತ್ತೆ ಈಗಿಲ್ಲ. ಇದ್ದಿದ್ದರೆ ಮನೆಗೆ ಹೋಗಿ ಹೇಳಿಬರುತ್ತಿದ್ದೆ.

ಈ ಬರಹವನ್ನು ಮೊನ್ನೆ ಸಿಸ್ಟರಕ್ಕನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಏನಾದರೂ ಹೇಳಿಯಾರೆಂದು ಕಾದೆ. "ಆಗ ನಾವು ದಿನಾ ಬೆನ್ನಿಗೆ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ತಿಕ್ಕುತ್ತಿದ್ದೆವಲ್ಲ, ಅದನ್ನು ಬರೆದಿಲ್ಲ" ಎಂದರು. ಮರೆತೆ, ಸೇರಿಸುತ್ತೇನೆ ಎಂದೆ.

"ಸೇರಿಸಿದರೆ ಇದನ್ನೂ ಬರೀರಿ. ಕೆಂಪಾದ ಜಾಗವನ್ನು ತಿಕ್ಕಬಾರದು ಅಂತ ಈಗ ಹೇಳ್ತಾರೆ. ಒಳಗಿನ ಮಾಂಸಕ್ಕೆ ಇನ್ನೂ ಪೆಟ್ಟಾಗುತ್ತೆ. ಭಾರ ಬೀಳದ ಹಾಗೆ ಮಗ್ಗುಲು ಬದಲಿಸಿದರೆ ಸಾಕು. ನಿಮ್ಮದನ್ನ ಓದಿ ಯಾರಾದರೂ ಹಳೇ ಕ್ರಮವನ್ನೇ ಮಾಡಿಬಿಟ್ಟಾರು" ಎಂದರು.

ಅದಕ್ಕೇ ಇಲ್ಲಿ ಸೇರಿಸಿದ್ದೇನೆ.